ಅಂಕೋಲೆಯ ಮಳೆಯಲ್ಲಿ ಆಫ್ರೋಬೀಟ್: ಹೊಸ ಪ್ಲೇಟು ತರಿಸುವುದು, ಹಾಕುವುದು, ಉಳಿಸಿಕೊಳ್ಳುವುದು

ನಮ್ಮದು ಅಂಕೋಲೆಯಲ್ಲಿ ಮೈಕ್ ಸೆಟ್ ಅಂಗಡಿ. ಅಪ್ಪ ಶುರು ಮಾಡಿದ್ದು. ಮದುವೆ ಇರಲಿ, ಬಂಡಿಹಬ್ಬ ಇರಲಿ, ಒಂದು ಆಂಪ್ಲಿಫೈಯರು, ತೆಂಗಿನಮರಕ್ಕೆ ಕಟ್ಟಲು ಎರಡು ಹಾರ್ನು, ಕಬ್ಬಿಣದ ಟ್ರಂಕಿನ ತುಂಬ ಗ್ರಾಮಫೋನ್ ಪ್ಲೇಟು. ಆ ಟ್ರಂಕು ಈಗಲೂ ಇದೆ. ಅದರ ಪಕ್ಕದಲ್ಲಿ ಹತ್ತು ವರ್ಷದಿಂದ ನನ್ನದೊಂದು ಸಾಲು ಬೆಳೆಯುತ್ತಿದೆ. ಬ್ರೂಕ್ಲಿನ್, ಒಹಾಯೊ, ಲಂಡನ್, ಫ್ರಾಂಕ್‌ಫರ್ಟಿನ ಸಣ್ಣಸಣ್ಣ ಲೇಬಲ್‌ಗಳಿಂದ, ಅಂದರೆ ಪ್ಲೇಟು ಹೊರತರುವ ಕಂಪನಿಗಳಿಂದ ತರಿಸಿದ, ಫಂಕ್ ಎಂಬ ಅಮೆರಿಕದ ಕುಣಿತದ ಸಂಗೀತ ಮತ್ತು ಆಫ್ರೋಬೀಟ್ ಎಂಬ ನೈಜೀರಿಯಾದ ಸಂಗೀತ. ಕುಮಟೆಯಿಂದ, ಶಿರಸಿಯಿಂದ ಹುಡುಗರು ಫೋನ್ ಮಾಡುತ್ತಾರೆ: "ಅಣ್ಣ, ನಾನೂ ಒಂದು ಪ್ಲೇಯರ್ ತಗೊಂಡೆ, ಬಾಸೇ ಬರೂದಿಲ್ಲ ಮಾರಾಯ್ರೆ." ಒಬ್ಬೊಬ್ಬರಿಗೂ ಹೇಳಿ ಹೇಳಿ ಬಾಯಿ ಒಣಗಿದೆ. ಬರೆದೇ ಬಿಡುತ್ತೇನೆ.

ಮೊದಲು, ಲೇಬಲ್‌ನವರು "ಹೊಸ ಬಿಡುಗಡೆ" ಎಂದು ಹಾಕಿದ್ದು ನಿಜಕ್ಕೂ ಎಂತದು ಎಂದು ಓದಿಕೊಳ್ಳಿ. ಅದರಲ್ಲಿ ಎರಡು ಜಾತಿ. ಒಂದು, ಈಗಿನ ಬ್ಯಾಂಡಿನ ಈಗಿನ ಹಾಡು. ಬ್ರೂಕ್ಲಿನ್ನಿನ ಡ್ಯಾಪ್‌ಟೋನ್ 2001ರಿಂದ ಮಾಡುತ್ತ ಬಂದಿದ್ದು ಬಹುಪಾಲು ಇದನ್ನೇ. ಹಳೇ ಕಾಲದ ಹಾಗೆ ಟೇಪಿನ ಮೇಲೆ ರೆಕಾರ್ಡ್ ಮಾಡಿ, ಶರಾನ್ ಜೋನ್ಸ್‌ರಂಥ ಗಾಯಕಿಯ ಮೊದಲ ಆಲ್ಬಮ್ಮನ್ನು ಅವರಿಗೆ ನಲವತ್ತು ದಾಟಿದ ಮೇಲೆ ಹೊರತಂದವರು. ಒಹಾಯೊದ ಕೋಲ್‌ಮೈನ್ ಕೂಡ ಅದೇ ದಾರಿಯದು. ಇನ್ನೊಂದು ಜಾತಿ, 1970ರ ದಶಕದಲ್ಲಿ ಪಶ್ಚಿಮ ಆಫ್ರಿಕದ ಲಾಗೋಸ್, ಅಕ್ರಾ, ಕೊಟೊನೂಗಳಲ್ಲಿ ಅಚ್ಚಾಗಿ ಮರೆತುಹೋದ ಸಂಗೀತದ ಮರುಮುದ್ರಣ. ಸೌಂಡ್‌ವೇ, ಸ್ಟ್ರಟ್, ಅನಲಾಗ್ ಆಫ್ರಿಕಾ ಹೆಸರು ಮಾಡಿದ್ದು ಇದರಲ್ಲಿ. ಮರುಮುದ್ರಣವಾದರೆ ಎರಡು ವಿಷಯ ಹುಡುಕಿ: ಮೂಲ ಟೇಪಿನಿಂದ ಎತ್ತಿದ್ದೋ, ಹಳೇ ಪ್ಲೇಟಿನಿಂದಲೇ ಎತ್ತಿದ್ದೋ, ಮತ್ತು ಹಾಡಿದವರಿಗೋ ಅವರ ಮನೆಯವರಿಗೋ ಹಣ ಕೊಟ್ಟು ಪರವಾನಿಗೆ ತಗೊಂಡಿದ್ದಾರೋ ಇಲ್ಲವೋ. ಒಳ್ಳೆಯ ಲೇಬಲ್ ಇದನ್ನು ತಾನಾಗಿಯೇ ಬರೆದಿರುತ್ತದೆ. ಬರೆಯದಿದ್ದರೆ ನಾನು ಕೊಳ್ಳುವುದಿಲ್ಲ.

ಇವರು ಅಚ್ಚು ಹಾಕುವುದು ಕಡಿಮೆ. ಎಷ್ಟೋ ಪ್ಲೇಟು 300, 500 ಪ್ರತಿಗೆ ಮುಗಿಯಿತು. ಹಾಗಾಗಿ ಮುಂಗಡ ಬುಕಿಂಗ್ ತೆರೆದಾಗಲೇ ಹೇಳಿಡಬೇಕು. ಬ್ಯಾಂಡ್‌ಕ್ಯಾಂಪ್ ಎಂಬ ವೆಬ್‌ಸೈಟಿನಲ್ಲಿ ಪ್ಲೇಟು ಕೊಂಡರೆ ಹಾಡಿನ ಫೈಲೂ ಸಾಮಾನ್ಯವಾಗಿ ಜೊತೆಗೇ ಸಿಗುತ್ತದೆ. ಕೊಳ್ಳುವ ಮೊದಲು ಅಲ್ಲೇ ಎರಡು ಹಾಡು ಪೂರ್ತಿ ಕೇಳಿ. ಮುಖಪುಟ ನೋಡಿ ಕೊಂಡ ನಾಲ್ಕು ಪ್ಲೇಟು ನನ್ನಲ್ಲಿ ಸುಮ್ಮನೆ ಕೂತಿವೆ. ಬಣ್ಣದ ಪ್ಲೇಟಿಗೂ ಅಷ್ಟೆ, ಹೆಚ್ಚು ದುಡ್ಡು ಸುರಿಯಬೇಡಿ. ಕರಿಯದು ಸಾಕು. ಹೇಳಿದ ತಾರೀಕಿಗೆ ಬರಲಿಲ್ಲ ಎಂದು ಜಗಳಕ್ಕೂ ನಿಲ್ಲಬೇಡಿ. ಅಚ್ಚಿನ ಕಾರ್ಖಾನೆಯಲ್ಲಿ ಸಣ್ಣವರ ಸರದಿ ಹಿಂದೆ ಬೀಳುವುದು ಲೋಕರೂಢಿ.

ಒಂದು ಪ್ಲೇಟು ತರಿಸಿದರೆ ಸಾಗಣೆಯ ಖರ್ಚು ಹತ್ತಿರಹತ್ತಿರ ಪ್ಲೇಟಿನ ಬೆಲೆಯಷ್ಟೇ ಆಗುತ್ತದೆ. ನಾಲ್ಕು ತರಿಸಿದರೆ ನಾಲ್ಕು ಪಟ್ಟು ಆಗುವುದಿಲ್ಲ. ಅದಕ್ಕೇ ಕಾರವಾರದ ಒಬ್ಬ, ಕುಮಟೆಯ ಒಬ್ಬಳು ಟೀಚರು, ಶಿರಸಿಯ ಒಬ್ಬ ಅಡಿಕೆ ತೋಟದವ ಮತ್ತು ನಾನು ಸೇರಿ ತರಿಸುತ್ತೇವೆ. ಆರ್ಡರಿನ ಕೆಳಗೆ ಟಿಪ್ಪಣಿ ಬರೆಯಲು ಜಾಗ ಇರುತ್ತದೆ. ಅಲ್ಲಿ "ಪ್ಲೇಟನ್ನು ಮುಖಪುಟದ ಕವರಿನಿಂದ ಹೊರಗೆ ತೆಗೆದು, ಒಳಕವರಿನಲ್ಲೇ ಇಟ್ಟು, ಕವರಿನ ಹಿಂದೆ ಸೇರಿಸಿ ಕಳಿಸಿ" ಎಂದು ಬರೆಯಿರಿ. ಇಲ್ಲದಿದ್ದರೆ ದಾರಿಯಲ್ಲಿ ಪೆಟ್ಟಿಗೆ ಬಿದ್ದಾಗೆಲ್ಲ ಪ್ಲೇಟಿನ ಅಂಚು ಕವರಿನ ಹೊಲಿಗೆಯನ್ನು ಸೀಳುತ್ತದೆ. ವಿಳಾಸದಲ್ಲಿ ಪಿನ್ ಕೋಡಿನ ಜೊತೆ ಮೊಬೈಲ್ ನಂಬರನ್ನೂ ಹಾಕಿ. ಅಂಚೆಯಲ್ಲಿ ಬಂದರೆ ಸುಂಕವನ್ನು ಪೋಸ್ಟ್‌ಮ್ಯಾನ್ ಬಾಗಿಲಲ್ಲೇ ತಗೊಳ್ಳುತ್ತಾರೆ, ಚಿಲ್ಲರೆ ಇಟ್ಟುಕೊಂಡಿರಿ. ಕೊರಿಯರ್ ಆದರೆ ಗುರುತಿನ ದಾಖಲೆ ಕೇಳುತ್ತಾರೆ.

ಈಗ ಬಾಸಿನ, ಅಂದರೆ ತಳದ ಮಂದ್ರ ಸ್ವರದ ವಿಷಯ. ಇದೇ ಮುಖ್ಯ, ಏಕೆಂದರೆ ಈ ಸಂಗೀತ ನಿಂತಿರುವುದೇ ಬಾಸ್ ಮತ್ತು ಡ್ರಮ್ಮಿನ ಮೇಲೆ. ತಳ ಇಲ್ಲದಿದ್ದರೆ ಉಳಿದದ್ದು ಬರೀ ಪೀಪಿ.

ನನ್ನ ಮೊದಲ ಹೊಸ ಪ್ಲೇಟನ್ನು ನಾನು ಹಾಕಿದ್ದು ಅಪ್ಪನ ಹಳೇ ಸೂಟ್‌ಕೇಸ್ ಪ್ಲೇಯರಿಗೆ. ಅದರ ತೋಳು ಪ್ಲೇಟಿನ ಮೇಲೆ ಊರುವ ಭಾರ ಐದಾರು ಗ್ರಾಂ, ಮುಳ್ಳು ಯಾವ ಕಾಲದ್ದೋ. ಹತ್ತು ಸಲ ಹಾಕುವಷ್ಟರಲ್ಲಿ ಟ್ರಂಪೆಟ್ ಬಂದಲ್ಲೆಲ್ಲ ದೋಸೆ ಹೊಯ್ದ ಹಾಗೆ ಚುರ್ರ್ ಅನ್ನಲು ಶುರುವಾಯಿತು. ಪ್ಲೇಟಿನಲ್ಲಿ ಮುಳ್ಳು ಓಡುವ ಗೆರೆ ಒಮ್ಮೆ ಸವೆದರೆ ಮುಗಿಯಿತು, ತೊಳೆದರೂ ಬರುವುದಿಲ್ಲ. ತೋಳಿನ ತುದಿಯಲ್ಲಿ ಮುಳ್ಳನ್ನು ಹಿಡಿದಿರುವ ಸಣ್ಣ ಡಬ್ಬಿಯೇ ಕಾರ್ಟ್ರಿಜ್; ಈಗಿನ ಮ್ಯಾಗ್ನೆಟ್ ಕಾರ್ಟ್ರಿಜ್‌ಗಳಲ್ಲಿ ಹೆಚ್ಚಿನವಕ್ಕೆ ಎರಡು ಗ್ರಾಂ ಆಚೀಚೆ ಸಾಕು. ತೋಳಿನ ಹಿಂದಿನ ಗುಂಡನ್ನು ತಿರುಗಿಸುತ್ತ, ತೋಳು ತಕ್ಕಡಿಯ ದಂಡಿನ ಹಾಗೆ ಗಾಳಿಯಲ್ಲಿ ಸಮನಾಗಿ ನಿಲ್ಲುವಂತೆ ಮಾಡಿ. ಅಂಕಿಯ ಬಳೆಯನ್ನು ಸೊನ್ನೆಗೆ ತನ್ನಿ. ಆಮೇಲೆ ಗುಂಡು ಮತ್ತು ಬಳೆ ಎರಡನ್ನೂ ಸೇರಿಸಿ ತಿರುಗಿಸುತ್ತ ಕಾರ್ಟ್ರಿಜ್ ಪೆಟ್ಟಿಗೆಯ ಮೇಲೆ ಬರೆದಷ್ಟು ಭಾರಕ್ಕೆ ನಿಲ್ಲಿಸಿ. ಭಾರ ಕಡಿಮೆಯಾದರೆ ಪ್ಲೇಟಿಗೆ ಒಳ್ಳೆಯದು ಎಂದುಕೊಂಡು ಇಳಿಸಬೇಡಿ. ಹಗುರಾದ ಮುಳ್ಳು ಗೆರೆಯೊಳಗೆ ಕುಣಿದು ಇನ್ನೂ ಹೆಚ್ಚು ಹಾಳು ಮಾಡುತ್ತದೆ. ಅಕ್ಕಸಾಲಿಗರ ತಕ್ಕಡಿಯ ತಮ್ಮನಂಥ ಸಣ್ಣ ಡಿಜಿಟಲ್ ಕಾಟಾ ಆನ್‌ಲೈನಿನಲ್ಲಿ ಸಿಗುತ್ತದೆ, ಒಂದು ಇಟ್ಟುಕೊಳ್ಳಿ.

ಎರಡನೇ ತಪ್ಪನ್ನು ನಾನು ಮೈಕ್ ಸೆಟ್ಟಿನವನಾಗಿದ್ದೇ ಮಾಡಿದೆ, ನಾಚಿಕೆಯ ಸಂಗತಿ. ಹೊಸ ಪ್ಲೇಯರಿನ ವೈರನ್ನು ಸೀದಾ ಅಂಗಡಿಯ ಮಿಕ್ಸರಿಗೆ ಚುಚ್ಚಿದೆ. ಧ್ವನಿ ಬಂತು, ಆದರೆ ಸೊಳ್ಳೆಯ ಧ್ವನಿ. ಕಾರಣ ಇಷ್ಟೆ: ಪ್ಲೇಟು ಕೊರೆಯುವಾಗ ಬಾಸನ್ನು ಬೇಕೆಂದೇ ತಗ್ಗಿಸಿ, ಚೂಪು ಸ್ವರಗಳನ್ನು ಏರಿಸಿ ಕೊರೆಯುತ್ತಾರೆ. ಬಾಸನ್ನು ಇದ್ದ ಹಾಗೇ ಕೊರೆದರೆ ಗೆರೆ ಅಗಲವಾಗಿ ಪ್ಲೇಟಿನಲ್ಲಿ ಜಾಗ ಸಾಲುವುದಿಲ್ಲ. ಕೇಳುವಾಗ ಅದನ್ನು ತಿರುವುಮುರುವು ಮಾಡಿ ಸರಿಪಡಿಸುವ ಕೆಲಸ ಫೋನೋ ಪ್ರೀಆಂಪಿನದು. ಕೆಲವು ಪ್ಲೇಯರುಗಳ ಹಿಂದೆ ಫೋನೋ, ಲೈನ್ ಎಂಬ ಸಣ್ಣ ಸ್ವಿಚ್ ಇರುತ್ತದೆ. ಸಾದಾ ಆಂಪ್ಲಿಫೈಯರಿಗೆ ಜೋಡಿಸುವುದಾದರೆ ಲೈನ್‌ಗೆ ಹಾಕಿ. ಸ್ವಿಚ್ ಇಲ್ಲದಿದ್ದರೆ ಪ್ರೀಆಂಪಿನ ಸಣ್ಣ ಡಬ್ಬಿ ಬೇರೆ ಕೊಳ್ಳಬೇಕು. ಫೋನ್ ಮಾಡುವ ಹತ್ತು ಹುಡುಗರಲ್ಲಿ ಎಂಟು ಜನರ ಬಾಸಿನ ಕಾಯಿಲೆ ಇಲ್ಲೇ ಗುಣವಾಗುತ್ತದೆ.

ಗುಣವಾದ ಮೇಲೆ ಅದು ಅತಿಯಾಗುವ ಕಾಯಿಲೆ ಬರುತ್ತದೆ. ನಮ್ಮ ಕಡೆಯ ಹೆಂಚಿನ ಮನೆಗಳ ಮೆತ್ತು ಮರದ ಹಲಗೆಯದು. ನಾನು ಪ್ಲೇಯರು, ಹದಿನೈದು ಇಂಚಿನ ಬಾಕ್ಸು ಎರಡನ್ನೂ ಅಲ್ಲೇ ಇಟ್ಟಿದ್ದೆ. ಬಾಸು ಹಲಗೆಗೆ, ಹಲಗೆಯಿಂದ ಮುಳ್ಳಿಗೆ, ಮುಳ್ಳಿನಿಂದ ಮತ್ತೆ ಬಾಕ್ಸಿಗೆ: ಗುಂಯ್ ಎಂದು ಶುರುವಾದದ್ದು ನಿಲ್ಲಲೇ ಇಲ್ಲ, ಕೆಳಗೆ ಅಡುಗೆಮನೆಯಲ್ಲಿ ಪಾತ್ರೆ ಕುಣಿದವು. ಈಗ ಚಿರೆಕಲ್ಲಿನ ಗೋಡೆಗೆ ಎರಡು ಕಬ್ಬಿಣದ ಬ್ರಾಕೆಟ್ ಬಡಿದು, ಮೇಲೊಂದು ಕಡಪಾ ಕಲ್ಲು ಹಾಸಿ, ಅದರ ಮೇಲೆ ಪ್ಲೇಯರ್ ಇಟ್ಟಿದ್ದೇನೆ. ಸ್ಪೀಕರು ಎದುರು ಮೂಲೆಯಲ್ಲಿ, ನೆಲದ ಮೇಲೆ. ಸರಿಯಾಗಿದೆಯೋ ಎಂದು ನೋಡಲು ತಿರುಗದೆ ನಿಂತ ಪ್ಲೇಟಿನ ಮೇಲೆ ಮುಳ್ಳು ಇಡಿ, ವಾಲ್ಯೂಮ್ ನಿಧಾನ ಏರಿಸಿ, ಕಲ್ಲನ್ನು ಬೆರಳಿನಿಂದ ತಟ್ಟಿ. ಮಂಕಾಗಿ ಡುಬ್ ಅಂದು ನಿಂತರೆ ಸರಿ. ಗುಂಯ್‌ಗುಟ್ಟಿದರೆ ಜಾಗ ಬದಲಿಸಿ.

ಏಳು ಇಂಚಿನ ಸಣ್ಣ ಪ್ಲೇಟುಗಳು 45ರ ವೇಗದವು, ಅಂದರೆ ನಿಮಿಷಕ್ಕೆ 45 ಸುತ್ತು, ಅಪ್ಪನ ಸಿನಿಮಾ ಇಪಿಗಳ ಹಾಗೆಯೇ. ಅಮೆರಿಕದ್ದಾದರೆ ನಡುವಿನ ತೂತು ದೊಡ್ಡದು, ಸುಮಾರು 38 ಮಿಲಿಮೀಟರ್. ನಡುವೆ ಕೂರಿಸುವ ಬಿಲ್ಲೆ ಪ್ಲೇಯರಿನ ಜೊತೆ ಬರದಿದ್ದರೆ ಆಚಾರ್ರ ಹತ್ತಿರ ಹಲಸಿನ ಮರದಲ್ಲಿ ತಿರುವಿಸಿ. ನಾನು ಹಾಗೇ ಮಾಡಿದ್ದು. ತೂತು ನಟ್ಟನಡುವೆ ಬರಬೇಕು, ಇಲ್ಲವಾದರೆ ಸ್ವರ ತೂಗುಯ್ಯಾಲೆಯಾಡುತ್ತದೆ. ಮತ್ತೆ, ಹನ್ನೆರಡು ಇಂಚಿನವೆಲ್ಲ 33ರವು ಎಂದು ನಂಬಬೇಡಿ. ಒಂದನ್ನು ನಾನು ಇಡೀ ಒಂದು ವಾರ 33ರಲ್ಲಿ ಕೇಳಿ, "ಎಂಥಾ ಗಂಭೀರ ಗಂಡು ಧ್ವನಿ" ಎಂದು ಟೀಚರ ಹತ್ತಿರ ಹೊಗಳಿದ್ದೆ. ಅವರು ತಮ್ಮ ಪ್ರತಿ ಹಾಕಿ ಕೇಳಿಸಿದರು. ಹೆಂಗಸು ಹಾಡಿದ್ದು, 45ರದ್ದು. ನಡುವಿನ ಚೀಟಿಯ ಮೇಲೆ ಬರೆದೂ ಇತ್ತು.

ಎಲ್ಲಿ ಹೆಚ್ಚು ಕಿವಿಗೊಡಬೇಕು ಎಂದರೆ ಪ್ಲೇಟಿನ ಒಳಭಾಗದಲ್ಲಿ. ಆಲೆಮನೆಯ ಗಾಣದಲ್ಲಿ ಕೋಣ ಹೊರಸುತ್ತಿನಲ್ಲಿ ಎಷ್ಟು ನಡೆಯುತ್ತದೆ, ಕಂಬದ ಹತ್ತಿರ ನಿಂತವ ಎಷ್ಟು ತಿರುಗುತ್ತಾನೆ? ಇಲ್ಲೂ ಹಾಗೇ. 33ರ ಹನ್ನೆರಡು ಇಂಚಿನ ಪ್ಲೇಟಿನ ಅಂಚಿನಲ್ಲಿ ಒಂದು ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೆರೆ ಮುಳ್ಳಿನ ಕೆಳಗೆ ಹಾದುಹೋದರೆ, ಚೀಟಿಯ ಹತ್ತಿರ 21 ಮಾತ್ರ. ಅಷ್ಟೇ ಸಂಗೀತವನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ತುರುಕಿರುತ್ತಾರೆ. ಅದಕ್ಕೇ ಕೊನೆಗೆ ಬರುವ ಸ್ಯಾಕ್ಸೊಫೋನು ಮೊದಲು ಒಡೆಯುವುದು. ಹೊಸ ಪ್ಲೇಟು ಬಂದ ದಿನವೇ ಎರಡೂ ಬದಿಯ ಕೊನೆಯ ಹಾಡು ಕೇಳಿ. ಎರಡು ಮೂರು ಬೇರೆ ಪ್ಲೇಟಿನಲ್ಲಿ ಸರಿ ಇದ್ದು ಇದರಲ್ಲಿ ಮಾತ್ರ ಒಡೆದರೆ, ಆ ವಾರವೇ ಲೇಬಲ್‌ಗೆ ಬರೆಯಿರಿ. ಸಣ್ಣವರು, ಓದಿ ಉತ್ತರ ಕೊಡುತ್ತಾರೆ.

ಕೇಳುವ ಕ್ರಮದ ಬಗ್ಗೆ ಅಪ್ಪನ ಕತೆ ಹೇಳಬೇಕು. ಅವರು ಯಕ್ಷಗಾನದ ಹುಚ್ಚಿನವರು. ಆಫ್ರೋಬೀಟ್ ಹುಟ್ಟಿಸಿದ ನೈಜೀರಿಯಾದ ಫೆಲಾ ಕುಟಿಯ ಪ್ಲೇಟೊಂದು ಹಾಕಿದ್ದೆ. ಒಂದು ಬದಿಗೆ ಒಂದೇ ಹಾಡು. ಡ್ರಮ್ಮು, ಬಾಸು, ಗಿಟಾರು ಕೂಡಿಕೊಂಡು ಸುತ್ತುತ್ತಲೇ ಇವೆ, ಹಾಡುವವನ ಸುಳಿವಿಲ್ಲ. ಅಪ್ಪ ಎಲೆಯಡಿಕೆ ಮುಗಿಸಿ ಕೇಳಿದರು: "ಎಂತದೋ ಇದು, ಚೌಕಿಯಿಂದ ವೇಷ ಹೊರಡೂದಕ್ಕೇ ಇಷ್ಟು ಹೊತ್ತಾ?" ಅದೇ ಸರಿಯಾದ ಪ್ರಶ್ನೆ. ಆಫ್ರೋಬೀಟಿನಲ್ಲಿ ವೇಷ ತಡವಾಗಿಯೇ ಬರುವುದು. ಅಲ್ಲಿಯವರೆಗೆ ಡ್ರಮ್ ಬಾರಿಸುವ ಟೋನಿ ಆಲನ್‌ರನ್ನು ಹಿಡಿದುಕೊಳ್ಳಿ. ಎರಡು ಕೈ, ಎರಡು ಕಾಲು, ನಾಲ್ಕೂ ನಾಲ್ಕು ಮಾತಾಡುತ್ತವೆ, ಒಂದೂ ಇನ್ನೊಂದರ ಮೇಲೆ ಬೀಳುವುದಿಲ್ಲ. ಫಂಕ್ ಹಾಗಲ್ಲ. ಅಮೆರಿಕದ ಗಾಯಕ ಜೇಮ್ಸ್ ಬ್ರೌನ್ ಕಲಿಸಿದ ಹಾಗೆ ಮೊದಲ ಪೆಟ್ಟಿಗೇ ಎಲ್ಲರೂ ಸೇರಿ ಇಳಿಯುವುದು. ತಾಳದ ಸಮ ಗೊತ್ತಿದ್ದವರಿಗೆ ಬೇರೆ ಪಾಠ ಬೇಡ. ಅಪ್ಪನ ಹೆಬ್ಬೆರಳು ಅರ್ಧ ನಿಮಿಷದಲ್ಲಿ ಕುರ್ಚಿಯ ಕೈಮೇಲೆ ಸಮ ಹಿಡಿದಿತ್ತು.

"ಓ, ಇದು ನಮ್ಮ ಸಿದ್ದಿಯರ ಡಮಾಮಿ ಕುಣಿತದ ಹಾಗೇ" ಎಂದು ಕೆಲವರು ಹೇಳುವುದುಂಟು. ನನಗೆ ಆ ಮಾತು ಹಿಡಿಸುವುದಿಲ್ಲ. ಯಲ್ಲಾಪುರ, ಹಳಿಯಾಳದ ಸಿದ್ದಿಯರ ಹಿರಿಯರು ಬಹುಪಾಲು ಪೂರ್ವ ಆಫ್ರಿಕದ ಕಡೆಯಿಂದ, ಶತಮಾನಗಳ ಹಿಂದೆ, ಗುಲಾಮರಾಗಿ ಬಂದವರು. ಲಾಗೋಸ್ ಇರುವುದು ಪಶ್ಚಿಮದಲ್ಲಿ. ಅಲ್ಲಿ ಫೆಲಾ ಪಶ್ಚಿಮ ಆಫ್ರಿಕದ ಕುಣಿತದ ಸಂಗೀತವಾದ ಹೈಲೈಫ್, ಜಾಝ್, ಫಂಕ್ ಎಲ್ಲ ಕಲಸಿ ಆಫ್ರೋಬೀಟ್ ಮಾಡಿದ್ದು 1960ರ ದಶಕದ ಕೊನೆಯಲ್ಲಿ. ನಮ್ಮ ಅಂಗಡಿಯಲ್ಲಿ ವೈರ್ ಎಳೆಯುವ ಸಿದ್ದಿ ಹುಡುಗನಿಗೆ ಬೇಕಾದ್ದು ಪುನೀತ್ ರಾಜ್‌ಕುಮಾರ್ ಹಾಡು.

ಇನ್ನು ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ, ಕವರು ಬಿಡುತ್ತದೆಯೇ? ಪಡುವಣ ಗೋಡೆಗೆ ತಾಗಿಸಿ ಕಪಾಟು ಇಡಲೇಬೇಡಿ. ಹೊರಗೆ ಮಡಲಿನ ತಟ್ಟಿ ಕಟ್ಟಿದರೂ ಆ ಗೋಡೆ ಬೆವರುತ್ತದೆ. ಪ್ಲೇಟುಗಳನ್ನು ನೆಟ್ಟಗೆ ನಿಲ್ಲಿಸಿ, ಒಂದರ ಮೇಲೊಂದು ಪೇರಿಸಬೇಡಿ. ಒಳಗಿನ ಸಾದಾ ಕಾಗದದ ಕವರು ತೇವ ಕುಡಿಯುತ್ತದೆ, ಬಂದ ದಿನವೇ ತೆಗೆದು ಪ್ಲಾಸ್ಟಿಕ್ ಅಸ್ತರಿನದಕ್ಕೆ ಬದಲಿಸಿ. ಹೊರಗಿನ ಪ್ಲಾಸ್ಟಿಕ್ ಚೀಲದ ಬಾಯನ್ನು ಮಾತ್ರ ಅಂಟಿಸಬೇಡಿ. ಒಳಗೆ ಸಿಕ್ಕಿದ ತೇವಕ್ಕೆ ಹೊರದಾರಿ ಬೇಕು. ಬಟ್ಟೆಯ ಕಪಾಟಿಗೆ ಬಲ್ಬು ಉರಿಸುವ ಉಪಾಯ ಇಲ್ಲಿ ಬೇಡ, ಬಿಸಿಗೆ ಪ್ಲೇಟು ಹಪ್ಪಳದ ಹಾಗೆ ಡೊಂಕಾಗುತ್ತದೆ. ಏಪ್ರಿಲ್‌ನಲ್ಲಿ ಕಾರವಾರದ ಬೀಚಿನ ಹತ್ತಿರ ನಿಲ್ಲಿಸಿದ ಕಾರಿನೊಳಗೆ ಬಿಟ್ಟರೂ ಅದೇ ಗತಿ. ಸಿಲಿಕಾ ಜೆಲ್ ಪೊಟ್ಟಣ ಇಡಿ, ತಿಂಗಳಿಗೊಮ್ಮೆ ಬದಲಿಸಿ.

ಬೂಷ್ಟು ಪ್ಲೇಟಿಗೇ ಬಂದರೆ ಡಿಸ್ಟಿಲ್ಡ್ ವಾಟರಿನಲ್ಲಿ ತೊಳೆಯಬೇಕು. ನಮ್ಮ ಅಂಗಡಿಯಲ್ಲಿ ಬ್ಯಾಟರಿಗೆ ಹಾಕಲು ಅದು ಹೇಗೂ ಇರುತ್ತದೆ. ನೀವು ಕೊಳ್ಳುವಾಗ ಕ್ಯಾನಿನ ಮೇಲೆ ಓದಿ, ಆಸಿಡ್ ತಂದುಬಿಟ್ಟೀರಿ. ಒಂದು ತೊಟ್ಟು ಪಾತ್ರೆ ತೊಳೆಯುವ ದ್ರವ, ಮೈಕ್ರೋಫೈಬರ್ ಬಟ್ಟೆ, ಗೆರೆ ಹೋದ ದಿಕ್ಕಿನಲ್ಲೇ ಸುತ್ತು. ಚೀಟಿಗೆ ನೀರು ತಾಗಬಾರದು. ಆಮೇಲೆ ಬರೀ ಆ ನೀರಿನಲ್ಲಿ ಇನ್ನೊಮ್ಮೆ ಒರೆಸಿ, ಅಡುಗೆಮನೆಯ ಬಟ್ಟಲು ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಆರಲು ಬಿಡಿ. ನಮ್ಮ ಮನೆಯಲ್ಲಿ ಈಗ ಆ ಸ್ಟ್ಯಾಂಡು ಎರಡಿವೆ, ಕಾರಣ ಬರೆಯುವುದು ಬೇಡ. ಸ್ಪಿರಿಟ್ ಬೆರೆಸುವವರು ಒಂದು ನೆನಪಿಡಿ: ಹಳೇ 78ರ ಪ್ಲೇಟು ಅರಗಿನದು, ಸ್ಪಿರಿಟ್ ತಾಗಿದರೆ ಕರಗುತ್ತದೆ. ಅಪ್ಪನ ಟ್ರಂಕಿನ ಒಂದು ಪ್ಲೇಟು ಹೀಗೆ ನನ್ನ ಕೈಯಲ್ಲೇ ಹೋಯಿತು.

ಮುಳ್ಳು ಬದಲಿಸುವ ಕಾಲ ಗೊತ್ತಾಗಲು ಕಿವಿಯನ್ನು ನಂಬಿ ಕೂರಬೇಡಿ. ಕಿವಿಗೆ ಗೊತ್ತಾಗುವಷ್ಟರಲ್ಲಿ ಪ್ಲೇಟು ಸವೆದಿರುತ್ತದೆ. ಸಾದಾ ವಜ್ರದ ಮುಳ್ಳಿಗೆ 500 ತಾಸಿನ ಲೆಕ್ಕ ಇಟ್ಟುಕೊಂಡರೆ ಭಯವಿಲ್ಲ. ಅಪ್ಪ ಜನರೇಟರ್ ಓಡಿದ ತಾಸುಗಳನ್ನು ಗೋಡೆಯ ಮೇಲೆ ಇದ್ದಿಲಿನಲ್ಲಿ ಗೀಚುತ್ತಿದ್ದರು. ಅದೇ ಗೋಡೆಯಲ್ಲಿ, ಕಡಪಾ ಕಲ್ಲಿನ ಮೇಲ್ಗಡೆ, ಈಗ ನಾನು ಪ್ಲೇಟಿನ ಒಂದೊಂದು ಬದಿಗೆ ಒಂದೊಂದು ಗೆರೆ ಎಳೆಯುತ್ತೇನೆ. ಮೂರು ಗೆರೆಗೆ ಒಂದು ತಾಸು.