ಹೊಂಡುರಾಸ್‌ನ ಸಣ್ಣ ಹೋಟೆಲಿನಲ್ಲಿ ಊಟ ಮಾಡುವುದು ಹೇಗೆ?

ಕೊಪಾನ್‌ನ ಮಾಯಾ ಅವಶೇಷ ನೋಡಲೋ, ರೊವಾತಾನ್ ದ್ವೀಪದಲ್ಲಿ ಡೈವಿಂಗ್ ಮಾಡಲೋ ಹೊಂಡುರಾಸ್‌ಗೆ ಹೋದವರು ಹೋಟೆಲಿನಲ್ಲಿ ಎರಡು ತಪ್ಪು ಮಾಡುವುದನ್ನು ನೋಡಿದ್ದೇನೆ. ಕೂತ ತಕ್ಷಣ ಎಲ್ಲಕ್ಕಿಂತ ದೊಡ್ಡ ತಟ್ಟೆ ಹೇಳುತ್ತಾರೆ. ಸಸ್ಯಾಹಾರಿಗಳಾದರೆ ‘ಮಾಂಸ ಬೇಡ’ ಎಂದಷ್ಟೇ ಹೇಳಿ ಸುಮ್ನೆ ಕೂರುತ್ತಾರೆ.

ಹೆಜ್ಜೆ 1: ಜಾಗ ಹುಡುಕಿ

ಮನೆಯವರೇ ನಡೆಸುವ ಸಣ್ಣ ಹೋಟೆಲಿಗೆ ಅಲ್ಲಿ ‘ಕೊಮೆದೋರ್’ ಎನ್ನುತ್ತಾರೆ. ಕಾವಲಿ ಕಣ್ಣಿಗೆ ಬೀಳಬೇಕು, ಪಕ್ಕದಲ್ಲಿ ಎಣ್ಣೆ ಸವರಿದ ಮೈದಾ ಉಂಡೆಗಳು ಕಾಯುತ್ತಿರಬೇಕು. ಪ್ಯಾಕೆಟ್ ಒಡೆದು ತೋರ್ತಿಯಾ (ಅಲ್ಲಿನ ರೊಟ್ಟಿ) ತೆಗೆಯುತ್ತಿದ್ದರೆ ಮುಂದಿನ ಅಂಗಡಿಗೆ ನಡೆಯಿರಿ. ಅದನ್ನು ಎಷ್ಟು ಬಿಸಿ ಮಾಡಿದರೂ ರಟ್ಟು ರಟ್ಟೇ.

ಹೆಜ್ಜೆ 2: ಹೊತ್ತು ನೋಡಿಕೊಳ್ಳಿ

ಮೈದಾ ರೊಟ್ಟಿಯೊಳಗೆ ಬೀನ್ಸ್ ಇಟ್ಟು ಮಡಚಿ ಕೊಡುವ ಬಲೆಯಾದಾಗೆ ಬೆಳಿಗ್ಗೆ ಅಥವಾ ಸಂಜೆ. ದೊಡ್ಡ ಊಟಕ್ಕೆ ಮಧ್ಯಾಹ್ನ.

ಹೆಜ್ಜೆ 3: ಆರ್ಡರ್ ಮಾಡಿ

ಎಲ್ಲರೂ ಎಡವುವುದು ಇಲ್ಲೇ, ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ಮೊದಲು ‘ಬಲೆಯಾದಾ ಸೆನ್ಸೀಯಾ’, ಅಂದರೆ ಸಾದಾ ಬಲೆಯಾದಾ ಕೇಳಿ. ಕೈಯಲ್ಲೇ ಹಿಗ್ಗಿಸಿ ಬೇಯಿಸಿದ ದಪ್ಪ ಮೈದಾ ರೊಟ್ಟಿ. ಅದರ ಮೇಲೆ ಅರೆದು ಹುರಿದ ಕೆಂಪು ಬೀನ್ಸ್, ಉಪ್ಪುಪ್ಪು ರುಚಿಯ ಕ್ರೀಮ್, ತುರಿದ ಗಟ್ಟಿ ಚೀಸ್. ಅರ್ಧಕ್ಕೆ ಮಡಚಿ ಕೊಡುತ್ತಾರೆ. ಉತ್ತರ ಕರಾವಳಿಯ ಲಾ ಸೇಯ್ಬಾದಂಥ ಊರುಗಳಲ್ಲಿ ಇದು ಮೂಲೆಮೂಲೆಗೂ ಸಿಗುತ್ತದೆ. ಮೊಟ್ಟೆ, ಬೆಣ್ಣೆಹಣ್ಣು, ಮಾಂಸ ಎಲ್ಲ ಸೇರಿಸಿದ್ದು ‘ಕೋನ್ ತೋದೋ’. ಅದನ್ನೇ ಮೊದಲು ತಿಂದರೆ ಬೀನ್ಸ್ ಚೆನ್ನಾಗಿದೆಯೋ ಇಲ್ಲವೋ ಗೊತ್ತೇ ಆಗುವುದಿಲ್ಲ.

ಸಸ್ಯಾಹಾರಿಗಳು ಇನ್ನೂ ಸ್ವಲ್ಪ ಕೆಲಸ ಮಾಡಬೇಕು. ‘ಸಿನ್ ಕಾರ್ನೆ’ ಎಂದರೆ ಮಾಂಸ ಬೇಡ ಎಂದರ್ಥ ನಿಜ. ಆದರೆ ಕೋಳಿ, ಹ್ಯಾಮ್, ಮೀನು ಆ ಲೆಕ್ಕಕ್ಕೆ ಬರುವುದಿಲ್ಲ ಎಂದುಕೊಳ್ಳುವವರು ಇದ್ದಾರೆ. ‘ನಿ ಪೊಯೋ, ನಿ ಹಮೋನ್, ನಿ ಪೆಸ್ಕಾದೋ’ ಎಂದು ಒಂದೊಂದಾಗಿ ಹೇಳಿಬಿಡಿ. ಮುಜುಗರ ಬೇಡ.

ಇಷ್ಟಾದರೂ ಕೊಬ್ಬಿನ ವಿಚಾರ ಬಾಕಿ. ಬೀನ್ಸನ್ನು ಹಂದಿ ಕೊಬ್ಬಿನಲ್ಲಿ ಹುರಿಯುವುದುಂಟು, ಕೆಲವರು ಹಿಟ್ಟಿಗೂ ಹಾಕುತ್ತಾರೆ. ‘ಮಾಂತೇಕಾ ದೆ ಸೇರ್ದೋ’ ಹಾಕಿದ್ದೀರಾ ಎಂದು ಎರಡಕ್ಕೂ ಬೇರೆ ಬೇರೆ ಕೇಳಿ. ‘ದೆ ಸೇರ್ದೋ’ ಬಿಡಬೇಡಿ, ವನಸ್ಪತಿಗೂ ಮಾಂತೇಕಾ ಎಂದೇ ಹೇಳುತ್ತಾರೆ. ಇನ್ನು ‘ಮಾಂತೆಕೀಯಾ’ ಎಂದರೆ ಅಲ್ಲಿ ಕ್ರೀಮ್. ಹೆದರಿ ಅದನ್ನೂ ಬೇಡ ಎಂದವರು ಒಣ ರೊಟ್ಟಿ ಅಗಿಯುತ್ತಾ ಊರನ್ನು ಬೈಯುತ್ತಾರೆ!

ಹಂದಿ ಕೊಬ್ಬು ಇದೆ ಎಂದರೆ ಜಗಳ ಬೇಡ. ಮೆಕ್ಕೆಜೋಳದ ತೋರ್ತಿಯಾ, ಚೀಸ್, ಬೆಣ್ಣೆಹಣ್ಣು ಕೇಳಿ. ಎಣ್ಣೆಯಲ್ಲಿ ಕರಿದದ್ದಾದರೆ ಮಾಗಿದ ಬಾಳೆಕಾಯಿಯೂ ಇರಲಿ. ಮೊಟ್ಟೆ ತಿನ್ನುವವರು ಅದನ್ನೂ ಸೇರಿಸಿಕೊಳ್ಳಿ. ಹೊಟ್ಟೆ ತುಂಬುತ್ತದೆ.

ಹೆಜ್ಜೆ 4: ತಿನ್ನಿ

ಕೈಯಲ್ಲೇ. ಚಾಕು, ಫೋರ್ಕ್ ಬೇಡ. ಮಡಚಿದ್ದನ್ನು ಬಿಚ್ಚಿ ಚೂರು ಚೂರು ಹರಿಯಲೂ ಬೇಡಿ, ಒಳಗಿನದ್ದೆಲ್ಲ ತಟ್ಟೆ ಸೇರುತ್ತದೆ. ಮೇಜಿನ ಮೇಲೆ ವಿನೆಗರ್‌ನಲ್ಲಿ ನೆನೆಸಿದ ಈರುಳ್ಳಿ, ಮೆಣಸಿನಕಾಯಿಯ ಜಾಡಿ ಇದ್ದರೆ ಧಾರಾಳವಾಗಿ ಹಾಕಿಕೊಳ್ಳಿ. ನಮ್ಮ ನಾಲಿಗೆಗೆ ಅಲ್ಲಿನ ಅಡುಗೆ ಸಪ್ಪೆ, ಅದನ್ನು ಸರಿಮಾಡುವುದು ಈ ಜಾಡಿಯೇ. ಬಾಟಲಿ ಸಾಸ್ ಮುಟ್ಟಬೇಡಿ, ಬರೀ ಹುಳಿ.

ಹೆಜ್ಜೆ 5: ಹಸಿವು ಉಳಿದಿದ್ದರೆ

ಈಗ ‘ಪ್ಲಾತೋ ತಿಪಿಕೋ’ ಹೇಳಬಹುದು. ಸುಟ್ಟ ದನದ ಮಾಂಸ, ಅನ್ನ, ಬೀನ್ಸ್, ಕರಿದ ಬಾಳೆಕಾಯಿ, ಚೀಸ್, ತೋರ್ತಿಯಾ ಎಲ್ಲ ಒಂದೇ ತಟ್ಟೆಯಲ್ಲಿ. ಇಬ್ಬರಿಗೆ ಒಂದು ಸಾಕು, ಜಾಸ್ತಿ ಬೇಡ. ಸಾನ್ ಪೆದ್ರೋ ಸೂಲಾದಲ್ಲಿದ್ದರೆ ಇದನ್ನು ಬಿಟ್ಟು, ಹಸಿ ಬಾಳೆಕಾಯಿ ಚಿಪ್ಸ್ ಮೇಲೆ ಕರಿದ ಕೋಳಿ ಇಟ್ಟು ಕೊಡುವ ‘ಪೊಯೋ ಚೂಕೋ’ ತಿನ್ನಿ.

ಕರಾವಳಿಯ ಗರಿಫುನಾ ಹಳ್ಳಿಗಳ ರುಚಿಯೇ ಬೇರೆ. 1797ರಲ್ಲಿ ಬ್ರಿಟಿಷರು ಕೆರಿಬಿಯನ್ ದ್ವೀಪ ಸೇಂಟ್ ವಿನ್ಸೆಂಟ್‌ನಿಂದ ರೊವಾತಾನ್‌ಗೆ ಗಡೀಪಾರು ಮಾಡಿದ ಜನ ಇವರು. ಅಡುಗೆಗೆ ತೆಂಗಿನ ಹಾಲು ಬಳಸುತ್ತಾರೆ. ದೊಡ್ಡ ಸಮುದ್ರ ಶಂಖದ ಮಾಂಸ ಹಾಕಿದ ‘ಸೋಪಾ ದೆ ಕರಕೋಲ್’ ಮಂಗಳೂರು ಕಡೆಯವರಿಗೆ ಖಂಡಿತ ಹಿಡಿಸುತ್ತದೆ.

ಹೆಜ್ಜೆ 6: ದುಡ್ಡು ಕೊಡಿ

ಅಲ್ಲಿನ ಹಣವಾದ ಲೆಂಪೀರಾದಲ್ಲಿ, ಸಣ್ಣ ನೋಟುಗಳಲ್ಲಿ. ಎರಡು ಬಲೆಯಾದಾ ತಿಂದು 500ರ ನೋಟು ಚಾಚಿದರೆ ಅಡುಗೆಯವರು ಕಾವಲಿ ಬಿಟ್ಟು ಚಿಲ್ಲರೆಗೆ ಓಡಬೇಕು, ನಿಮ್ಮ ಹಿಂದೆ ನಿಂತವರ ರೊಟ್ಟಿ ಸೀಯುತ್ತದೆ.