ಆಫೀಸಿನ ಕಂಪ್ಯೂಟರ್‌ಗಳಿಂದ ಸ್ಪ್ಯಾಮ್ ಹೋಗದಂತೆ ಮೇಲ್ ಸರ್ವರ್‌ಗೆ ಲಗಾಮು ಹಾಕುವುದು ಹೇಗೆ?

ಕುಶಾಲನಗರದ ಕಾಫಿ ಕ್ಯೂರಿಂಗ್ ವರ್ಕ್ಸ್ ಇರಲಿ, ಮಡಿಕೇರಿಯ ಹೋಮ್‌ಸ್ಟೇ ಬುಕಿಂಗ್ ಆಫೀಸ್ ಇರಲಿ, ಸ್ವಂತ ಮೇಲ್ ಸರ್ವರ್ ಇಟ್ಟುಕೊಂಡವರಿಗೆ ಈ ತಲೆನೋವು ಯಾವಾಗ ಬೇಕಾದರೂ ಬರಬಹುದು. ಲೆಕ್ಕ ಬರೆಯುವ ಕಂಪ್ಯೂಟರ್‌ಗೆ ವೈರಸ್ ಹೊಕ್ಕಿರುತ್ತದೆ. ಅದು ಸದ್ದಿಲ್ಲದೆ ರಾಶಿಗಟ್ಟಲೆ ಸ್ಪ್ಯಾಮ್ ಕಳಿಸುತ್ತದೆ. ಆಫೀಸಿನ ಐಪಿ ವಿಳಾಸ (ಇಂಟರ್ನೆಟ್‌ನಲ್ಲಿ ಅದರ ಗುರುತಿನ ಸಂಖ್ಯೆ) ಬ್ಲಾಕ್‌ಲಿಸ್ಟ್‌ಗೆ, ಅಂದರೆ ಸ್ಪ್ಯಾಮ್ ಕಳಿಸುವವರ ಪಟ್ಟಿಗೆ ಬೀಳುತ್ತದೆ. ಆಮೇಲೆ ಬೆಂಗಳೂರಿನ ವ್ಯಾಪಾರಿಗೆ ಕಳಿಸಿದ ಕಾಫಿ ಬಿಲ್ಲೂ ವಾಪಸ್!

ನಿಮ್ಮ ಸರ್ವರ್‌ನಲ್ಲಿರುವುದು ಪೋಸ್ಟ್‌ಫಿಕ್ಸ್ ಎಂಬ ಮೇಲ್ ತಂತ್ರಾಂಶ ಎಂದಿಟ್ಟುಕೊಳ್ಳೋಣ. ಮೊದಲು ಅದರ ಸೆಟ್ಟಿಂಗ್ಸ್ ಇರುವ ‘ಮೇನ್.ಸಿಎಫ್’ (main.cf) ಫೈಲ್ ತೆರೆದು ‘ಮೈನೆಟ್‌ವರ್ಕ್ಸ್’ (mynetworks) ಸಾಲು ನೋಡಿ. ಎಷ್ಟೋ ಕಡೆ ಅಲ್ಲಿ 192.168.1.0/24 ಎಂದು ಇಡೀ ಆಫೀಸ್ ನೆಟ್‌ವರ್ಕನ್ನೇ ಬರೆದಿರುತ್ತಾರೆ. ಅಂದರೆ ಒಳಗಿನ ಯಾವ ಕಂಪ್ಯೂಟರ್ ಬೇಕಾದರೂ ಪಾಸ್‌ವರ್ಡ್ ಇಲ್ಲದೆ ಹೊರಗೆ ಮೇಲ್ ಕಳಿಸಬಹುದು. ವೈರಸ್‌ಗೆ ಬೇಕಾದ್ದೂ ಅದೇ ಅಲ್ವಾ? 127.0.0.0/8, ಅಂದರೆ ಸರ್ವರ್ ತಾನೊಂದೇ, ಮಾತ್ರ ಉಳಿಸಿ. ಸಿಬ್ಬಂದಿಯೆಲ್ಲ 587ನೇ ಪೋರ್ಟ್‌ನಲ್ಲಿ (ಪೋರ್ಟ್ ಎಂದರೆ ನೆಟ್‌ವರ್ಕ್‌ನ ನಂಬರಿನ ಬಾಗಿಲು) ಪಾಸ್‌ವರ್ಡ್ ಕೊಟ್ಟೇ ಕಳಿಸಲಿ. ಸ್ಕ್ಯಾನ್ ಮಾಡಿ ನೇರ ಮೇಲ್ ಕಳಿಸುವ ಜೆರಾಕ್ಸ್ ಮಷೀನ್ ಇದ್ದರೆ ಅದಕ್ಕೂ ಪಾಸ್‌ವರ್ಡ್ ಹಾಕಿಡಿ. ಇಲ್ಲದಿದ್ದರೆ ಮರುದಿನ ಬೆಳಿಗ್ಗೆ ದೂರು ಗ್ಯಾರಂಟಿ.

ಆಮೇಲೆ ವೇಗದ ಮಿತಿ. ಒಂದು ಕಂಪ್ಯೂಟರ್ ನಿಮಿಷಕ್ಕೆ ಎಷ್ಟು ಮೇಲ್ ಕೊಡಬಹುದು ಎಂದು ಹೇಳುವ ‘ಕ್ಲೈಂಟ್ ಮೆಸೇಜ್ ರೇಟ್ ಲಿಮಿಟ್’ (smtpd_client_message_rate_limit) ಮೊದಲಿಂದ 0 ಇರುತ್ತದೆ, ಅಂದರೆ ಮಿತಿಯೇ ಇಲ್ಲ. ಸಣ್ಣ ಆಫೀಸಿಗೆ ನಿಮಿಷಕ್ಕೆ 20 ಸಾಕು. ಇಲ್ಲೊಂದು ಗುಟ್ಟಿದೆ. ‘ಮೈನೆಟ್‌ವರ್ಕ್ಸ್’ನಲ್ಲಿರುವ ಕಂಪ್ಯೂಟರ್‌ಗಳಿಗೆ ಪೋಸ್ಟ್‌ಫಿಕ್ಸ್ ತಾನಾಗಿಯೇ ಈ ಮಿತಿಯಿಂದ ವಿನಾಯಿತಿ ಕೊಡುತ್ತದೆ. ಮೊದಲ ಕೆಲಸ ಮಾಡದೆ ಇದನ್ನು ಮಾಡಿದರೆ ಸುಮ್ನೆ ದಂಡ. ವೈರಸ್ ಪಾಸ್‌ವರ್ಡನ್ನೇ ಕದ್ದರೂ ಈ ಮಿತಿ ಅದರ ಓಟ ನಿಧಾನಗೊಳಿಸುತ್ತದೆ.

ಕೆಲವು ವೈರಸ್‌ಗಳು ನಿಮ್ಮ ಸರ್ವರ್ ತಂಟೆಗೇ ಬರುವುದಿಲ್ಲ, ತಾವೇ ನೇರ ಹೊರಗೆ ಕಳಿಸುತ್ತವೆ. ಹಾಗಾಗಿ ಸರ್ವರ್ ಒಂದನ್ನು ಬಿಟ್ಟು ಉಳಿದೆಲ್ಲ ಕಂಪ್ಯೂಟರ್‌ಗಳಿಗೂ ರೂಟರ್‌ನಲ್ಲಿ ಹೊರಹೋಗುವ 25ನೇ ಪೋರ್ಟ್ (ಸರ್ವರ್‌ಗಳು ಪರಸ್ಪರ ಮೇಲ್ ಕಳಿಸುವ ದಾರಿ) ಮುಚ್ಚಿ. ಲಾಗ್ ಆನ್ ಮಾಡಿಡಿ. ಪದೇ ಪದೇ ಆ ಪೋರ್ಟ್ ತಟ್ಟುವ ಕಂಪ್ಯೂಟರೇ ಕಳ್ಳ.

ಹೊರಗಿನ ಸೋಂಕಿತ ಕಂಪ್ಯೂಟರ್‌ಗಳಿಂದ ಒಳಬರುವ ಸ್ಪ್ಯಾಮ್‌ಗೆ ಪೋಸ್ಟ್‌ಫಿಕ್ಸ್‌ನದೇ ಕಾವಲುಗಾರ ‘ಪೋಸ್ಟ್‌ಸ್ಕ್ರೀನ್’ ಇದೆ. ಅದು 6 ಸೆಕೆಂಡ್ ಕಾಯಿಸುತ್ತದೆ. ತಾಳ್ಮೆಯಿಲ್ಲದೆ ಮೊದಲೇ ಮಾತು ಶುರು ಮಾಡಿದವರು ಸಿಕ್ಕಿಬೀಳುತ್ತಾರೆ. ಗ್ರೇಲಿಸ್ಟಿಂಗ್ ಕೂಡ ಹಾಕಬಹುದು. ‘ಈಗ ಬೇಡ, ಆಮೇಲೆ ಬಾ’ ಎಂದರೆ ನಿಜವಾದ ಸರ್ವರ್ ಮತ್ತೆ ಬರುತ್ತದೆ, ವೈರಸ್ ಸಾಮಾನ್ಯವಾಗಿ ಬರುವುದಿಲ್ಲ. ನಮ್ಮ ಮಳೆಗಾಲದಲ್ಲಿ ಗಂಟೆಗಟ್ಟಲೆ ಕರೆಂಟ್ ಹೋದರೂ ಮೇಲ್ ಕಳೆದುಹೋಗದಿರುವುದು ಇದೇ ಮರುಪ್ರಯತ್ನದಿಂದ. ಆದರೆ ಗ್ರೇಲಿಸ್ಟಿಂಗ್‌ನಿಂದ ಮೇಲ್‌ಗೆ ಬರುವ ಒಟಿಪಿ ತಡವಾಗುತ್ತದೆ. ಬ್ಯಾಂಕ್ ಕೆಲಸ ಜಾಸ್ತಿ ಇದ್ದರೆ ಗ್ರೇಲಿಸ್ಟಿಂಗ್ ಬೇಡ ಎನ್ನುತ್ತೇನೆ.

ಕೊನೆಗೆ ಪೋಸ್ಟ್‌ಫಿಕ್ಸ್ ರೀಲೋಡ್ ಮಾಡಿ, ‘ಮೇಲ್‌ಕ್ಯೂ’ (mailq) ಕಮಾಂಡ್ ಕೊಟ್ಟು ಹೊರಹೋಗಲು ಕಾದಿರುವ ಮೇಲ್‌ಗಳ ಸಾಲಿನಲ್ಲಿ ಸ್ಪ್ಯಾಮ್ ಉಳಿದಿದೆಯಾ ನೋಡಿ. ಬ್ಲಾಕ್‌ಲಿಸ್ಟ್‌ನಿಂದ ಐಪಿ ತೆಗೆಸಲು ಅರ್ಜಿ ಹಾಕುವುದು ಆ ಕಂಪ್ಯೂಟರಿನ ವೈರಸ್ ತೆಗೆದ ಮೇಲೆಯೇ.