ಕಂಪನಿ ಹಣದಲ್ಲಿ ಊರಿನ ಕೆರೆ: ಅರ್ಜಿ ಬರೆಯುವ ಮುಂಚೆ

ಕೆರೆಗೆ ಸಿಎಸ್‌ಆರ್ ಹಣ, ಅಂದರೆ ಕಂಪನಿಗಳು ಸಾಮಾಜಿಕ ಹೊಣೆಗಾರಿಕೆಗೆ ಕೊಡುವ ಹಣ ಕೇಳುವವರು ಮೊದಲು ಕ್ಯಾಲೆಂಡರ್ ನೋಡಿ. ಕಂಪನಿಗಳ ಲೆಕ್ಕ ಮಾರ್ಚ್ 31ಕ್ಕೆ ಮುಗಿಯುತ್ತದೆ. ನಮ್ಮ ಕೋಲಾರದ ಕಡೆ ಕೆರೆ ಒಣಗಿ ಹಿಟಾಚಿ ಇಳಿಸಲು ಸರಿಯಾದ ಕಾಲ ಏಪ್ರಿಲ್, ಮೇ. ಅಲ್ಲೇ ಎಡವಟ್ಟಾಗುವುದು.

ದಾರಿ ಕಾನೂನಿನಲ್ಲೇ ಇದೆ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ, ವರ್ಷಕ್ಕೆ 5 ಕೋಟಿ ನಿವ್ವಳ ಲಾಭ ಅಥವಾ 1,000 ಕೋಟಿ ವಹಿವಾಟು ಮುಟ್ಟಿದ ಕಂಪನಿ, ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಶೇ 2ರಷ್ಟು ಇಂಥ ಕೆಲಸಕ್ಕೆ ಕೊಡಬೇಕು. ಕೆಲಸವನ್ನು 'ಆನ್‌ಗೋಯಿಂಗ್ ಪ್ರಾಜೆಕ್ಟ್', ಅಂದರೆ ಒಂದು ವರ್ಷಕ್ಕೆ ಮುಗಿಯದ ಕೆಲಸ ಎಂದು ಒಪ್ಪಿಸಿ. ಆಗ ಶುರುವಾದ ವರ್ಷ ಬಿಟ್ಟು ಇನ್ನೂ ಮೂರು ವರ್ಷ ಸಿಗುತ್ತದೆ. ಆ ವರ್ಷ ಖರ್ಚಾಗದೆ ಉಳಿದ ಹಣವನ್ನು ಕಂಪನಿಯವರು ಏಪ್ರಿಲ್ 30ರೊಳಗೆ ಬೇರೆ ಖಾತೆಗೆ ಹಾಕಿದರಾಯಿತು.

ಆ ಮೂರು ವರ್ಷವೇ ನಿಮಗೆ ಬೇಕಾದದ್ದು. ಹೂಳೆತ್ತುವುದು ಫೋಟೊಗೆ ಚೆನ್ನ, ಹಾಗಾಗಿ ಕಂಪನಿಗೂ ಅದೇ ಇಷ್ಟ. ಆದರೆ ನೀರು ತರುವ ಕಾಲುವೆ ಮುಚ್ಚಿದ್ದರೆ ಎಷ್ಟು ಅಗೆದರೂ ಸುಮ್ನೆ, ಅಲ್ವಾ? ಮೊದಲು ಸರ್ವೆ ಮಾಡಿಸಿ, ಒತ್ತುವರಿ ಬಿಡಿಸಿ, ಕಾಲುವೆ ತೆರೆಸಿ. ಹೂಳು ಆಮೇಲೆ. ಕೆರೆ ಏರಿಯ, ಅಂದರೆ ಕಟ್ಟೆಯ ಬುಡ ಮುಟ್ಟಬೇಡಿ. ಹೂಳೆತ್ತಿದಾಗ ಬರುವ ಗೋಡು ಮಣ್ಣನ್ನು ರೈತರು ತಮ್ಮ ಟ್ರ್ಯಾಕ್ಟರಿನಲ್ಲಿ ಹೊಲಕ್ಕೆ ಒಯ್ಯಲಿ. ಸಾಗಾಟದ ಖರ್ಚು ಉಳಿಯುತ್ತದೆ. ಕೊನೆಯ ವರ್ಷದ ಹಣ ತೂಬು, ಕೋಡಿಯ ರಿಪೇರಿಗೆ, ನೀರು ಬಿಡುವ ನೀರುಗಂಟಿಯ ಸಂಬಳಕ್ಕೆ.

ಆನೇಕಲ್ ತಾಲ್ಲೂಕಿನ ಕ್ಯಾಲಸನಹಳ್ಳಿಗೆ ಒಮ್ಮೆ ಹೋಗಿ ಬನ್ನಿ. ಆ 36 ಎಕರೆ ಕೆರೆಗೆ 2017ರಲ್ಲಿ ಸನ್ಸೇರಾ ಕಂಪನಿ ಹಣ ಕೊಟ್ಟಿತ್ತು, ಆಗ ಅಲ್ಲೇ ಎಂಜಿನಿಯರ್ ಆಗಿದ್ದ ಆನಂದ್ ಮಲ್ಲಿಗವಾಡ್ ಮುಂದೆ ನಿಂತು ಕೆಲಸ ಮಾಡಿಸಿದ್ದರು.

ಇನ್ನು ಕಾಗದಪತ್ರ. ಗ್ರಾಮ ಪಂಚಾಯಿತಿಯ ನಿರ್ಣಯ ಬೇಕು, ಕೆರೆ ಯಾರ ಸುಪರ್ದಿಯಲ್ಲಿದೆಯೋ ಅವರ ಅನುಮತಿಯೂ ಬೇಕು. ಅಚ್ಚುಕಟ್ಟು, ಅಂದರೆ ಕೆರೆಯ ನೀರು ಉಣ್ಣುವ ಜಮೀನು, 40 ಹೆಕ್ಟೇರ್ ದಾಟಿದ್ದರೆ ಸಣ್ಣ ನೀರಾವರಿ ಇಲಾಖೆಗೆ ಅಲೆಯಬೇಕು. ಹಣ ಪಡೆಯುವ ಟ್ರಸ್ಟಿಗೆ ಆದಾಯ ತೆರಿಗೆಯ 12ಎ, 80ಜಿ ನೋಂದಣಿ, ಸಿಎಸ್‌ಆರ್ ಹಣ ಪಡೆಯಲು ಬೇಕಾದ ಸಿಎಸ್‌ಆರ್-1 ನೋಂದಣಿ ಇರಬೇಕು. ಊರಿನ ಕೆರೆ ಸಮಿತಿಗೆ ಇವು ಸಾಮಾನ್ಯವಾಗಿ ಇರುವುದಿಲ್ಲ. ಇರುವ ಸಂಸ್ಥೆಯ ಜೊತೆ ಸೇರಿಕೊಳ್ಳಿ.

ದೊಡ್ಡ ಹೆಸರುಗಳ ಹಿಂದೆ ಬೆಂಗಳೂರಿಗೆ ಓಡಬೇಡಿ. ಕಂಪನಿ ತನ್ನ ಸುತ್ತಲಿನ ಊರುಗಳಿಗೆ ಆದ್ಯತೆ ಕೊಡಬೇಕೆಂದು ಕಾಯ್ದೆಯೇ ಹೇಳುತ್ತದೆ. ನರಸಾಪುರ, ವೇಮಗಲ್, ಮಾಲೂರಿನ ಕಾರ್ಖಾನೆಗಳಿಂದ ಶುರು ಮಾಡಿ. ನಿಮ್ಮೂರ ಹುಡುಗರು ಅಲ್ಲಿ ಕೆಲಸಕ್ಕಿದ್ದರೆ ಮಾತು ಇನ್ನೂ ಸಲೀಸು.

ಕಂಪನಿ ಹೆಸರಿನ ಬೋರ್ಡಿನ ವಿಷಯಕ್ಕೆ ಜಗಳ ಬೇಡ. ಏರಿ ಮೇಲೆ ಎಷ್ಟು ದೊಡ್ಡದಾದರೂ ಹಾಕಿಕೊಳ್ಳಲಿ. ಅದರ ಬಿಲ್ಲು ಮಾತ್ರ ಕೆರೆಯ ಲೆಕ್ಕದಲ್ಲಿ ಬರದಂತೆ ನೋಡಿಕೊಳ್ಳಿ.